ಅಪ್‌ಡೇಟ್: ನಿಲ್ಲಿಸಿದ್ದ ಪಿಕಪ್‌ನಲ್ಲಿ ಹೊಗೆ ಬಂದಿದ್ದು ಯಾಕೆ ಅಂತ ಗೊತ್ತಾಯಿತು

ಕೀ ತೆಗೆದು ಮನೆ ಮುಂದೆ ನಿಲ್ಲಿಸಿದ್ದ ನಮ್ಮ ಟೊಮೆಟೊ ಗಾಡಿಯ ಬಾನೆಟ್ ಒಳಗಿಂದ ಹೊಗೆ ಬಂತು, ಇಂಜಿನ್ ಆಫ್ ಇದ್ದರೂ ಇದು ಹೇಗೆ ಅಂತ ಕೇಳಿದ್ದೆ. ಕಾರಣ ಸಿಕ್ಕಿದೆ.

ಎಲೆಕ್ಟ್ರಿಷಿಯನ್ ವೈರಿಂಗ್ ಪೂರ್ತಿ ಬಿಚ್ಚಿ ನೋಡಿದರು. ಹಿಂದಿನ ಮಾಲೀಕರು ಹಾಕಿಸಿದ್ದ ಎಕ್ಸ್‌ಟ್ರಾ ಲೈಟುಗಳ ವೈರು ಬ್ಯಾಟರಿಯಿಂದ ನೇರವಾಗಿ ಬಂದಿತ್ತು. ನಡುವೆ ಫ್ಯೂಸೇ ಇಲ್ಲ! ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕೂಡ ಹಾಕದೆ ಸುಮ್ನೆ ತೂರಿಸಿದ್ದರು. ಗಾಡಿ ಅಲುಗಾಡಿ ಇನ್ಸುಲೇಶನ್ ಸವೆದು, ಒಳಗಿನ ತಾಮ್ರ ಗಾಡಿಯ ತಗಡಿಗೆ ತಾಗಿ ಶಾರ್ಟ್ ಆಗಿದೆ. ಅಲ್ಲಿ ಪ್ಲಾಸ್ಟಿಕ್ ಕರಗಿ ಕಪ್ಪಗೆ ಅಂಟಿಕೊಂಡಿತ್ತು, ಉಗುರಿನಲ್ಲಿ ಕೆರೆದರೆ ಪುಡಿಪುಡಿ. ಡೀಸೆಲ್ ಪೈಪ್ ಇದ್ದದ್ದು ಒಂದು ಗೇಣು ದೂರದಲ್ಲಿ. ನೋಡಿ ಕೈಕಾಲು ತಣ್ಣಗಾಯಿತು.

ಅಮೆರಿಕದ ಫೋರ್ಡ್ ಪಿಕಪ್‌ಗಳ ವಿಷಯ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. 2005ರಲ್ಲಿ ಫೋರ್ಡ್ ಕಂಪನಿಯವರು ಎಫ್-150 ಪಿಕಪ್ ಸೇರಿ ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಿದ್ದರು. ಅವುಗಳಲ್ಲಿ ಕ್ರೂಸ್ ಕಂಟ್ರೋಲ್ (ಗಾಡಿ ತಾನಾಗಿಯೇ ಒಂದೇ ಸ್ಪೀಡಲ್ಲಿ ಓಡುವ ವ್ಯವಸ್ಥೆ) ನಿಲ್ಲಿಸುವ ಸ್ವಿಚ್‌ಗೆ ಕೀ ತೆಗೆದ ಮೇಲೂ ಕರೆಂಟ್ ಇರುತ್ತಿತ್ತು. ಅದರೊಳಗಿನ ತೆಳು ಪದರ ಸೀಳಿ ಬ್ರೇಕ್ ಆಯಿಲ್ ಸೋರಿದರೆ ಬೆಂಕಿ ಹೊತ್ತಿಕೊಳ್ಳಬಹುದಿತ್ತು. ಆಮೇಲೆ ಕಂಪನಿಯವರು ಫ್ಯೂಸ್ ಇರುವ ವೈರಿಂಗ್ ಹಾಕಿಕೊಟ್ಟರು. ನಮ್ಮ ಗಾಡಿಯ ತೊಂದರೆ ಬೇರೆ, ಆದರೆ ನಿಲ್ಲಿಸಿದ ಗಾಡಿಯಲ್ಲೂ ಕರೆಂಟ್ ಓಡುತ್ತಿರುತ್ತದೆ ಅನ್ನೋದು ಅದರಿಂದಲೇ ತಲೆಗೆ ಹೊಳೆದದ್ದು.

ಈಗ ಹೊಸ ವೈರು, ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಬುಷ್ ಎಲ್ಲಾ ಹಾಕಿಸಿದ್ದೇನೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ಲೈಟಿನ ಹತ್ತಿರ ಇಟ್ಟರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ, ಅಲ್ವಾ? ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ದಯವಿಟ್ಟು ಬ್ಯಾಟರಿ ಟರ್ಮಿನಲ್‌ಗೆ ಕಟ್ಟಿರುವ ಒಂದೊಂದು ವೈರೂ ಎಲ್ಲಿಗೆ ಹೋಗಿದೆ ಅಂತ ನೋಡಿಸಿ.