ಸಮಿತಿ ಸದಸ್ಯರ ಪ್ರಯಾಣದ ಖರ್ಚು ಯಾರು ಕೊಡಬೇಕು?

ಪ್ರಶ್ನೆ

ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಧಾರವಾಡದಲ್ಲಿ ನೋಂದಣಿಯಾದ ಸಂಶೋಧಕರ ಸಂಘವೊಂದರ ಕಾರ್ಯಕಾರಿ ಸಮಿತಿಗೆ ಈ ಸಲ ಆಯ್ಕೆಯಾಗಿದ್ದೇನೆ. ಮೊದಲ ಸಭೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಮರುದಿನ ರಾತ್ರಿ ಬಸ್ಸಿನಲ್ಲೇ ಹಿಂದಿರುಗಿದೆ. ಪ್ರಯಾಣದ ಖರ್ಚಿನ ಮಾತನ್ನು ಯಾರೂ ಎತ್ತಲಿಲ್ಲ. ನಾನಾಗಿ ಕೇಳಲು ಸಂಕೋಚ. ಅದೇ ಸಭೆಯಲ್ಲಿ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಮುಂದಿಟ್ಟು ಸಹಿ ಕೇಳಿದರು. ಓದಿ ನೋಡಿ ಹಾಕುತ್ತೇನೆಂದು ಹೇಳಿ ಬಂದಿದ್ದೇನೆ. ಇಂಥ ಸಮಿತಿಗಳಲ್ಲಿ ಇದ್ದವರು ದಾರಿ ತೋರಿಸಬೇಕು.

ಇಂಥದೇ ಸಂಘವೊಂದರ ಮಾಜಿ ಖಜಾಂಚಿ

ಸಹಿ ಹಾಕದೆ ಬಂದದ್ದು ಒಳ್ಳೆಯದಾಯಿತು. ಮೊದಲು ಸಂಘದ ಬೈಲಾ, ಅಂದರೆ ನಿಯಮಾವಳಿ, ತರಿಸಿಕೊಂಡು ಓದಿ. ಆಮೇಲೆ ಹಿಂದಿನ ಎರಡು ಮೂರು ವರ್ಷಗಳ ನಡಾವಳಿ, ಲೆಕ್ಕಪರಿಶೋಧಕರ ವರದಿ, ಬ್ಯಾಂಕ್ ಪಾಸ್‌ಬುಕ್ಕು ನೋಡಿ. ಕೊಡಲು ಹಿಂದೆಮುಂದೆ ನೋಡಿದರೆ ಪತ್ರ ಬರೆದು ಕೇಳಿ. ಸಮಿತಿಯ ಸದಸ್ಯರೆಂದರೆ ವಾರ್ಷಿಕ ಸಮ್ಮೇಳನದಲ್ಲಿ ವೇದಿಕೆ ಹತ್ತುವವರು ಎಂದು ತಿಳಿದವರೇ ಹೆಚ್ಚು. ಸಂಘದ ಹಣ ಯಾವುದಕ್ಕೆ ಹೋಯಿತು ಎಂದು ಯಾರಾದರೂ ಕೇಳಿದಾಗ ಉತ್ತರ ಕೊಡಬೇಕಾದವರೂ ಅವರೇ.

ಇನ್ನು ಪ್ರಯಾಣದ ಖರ್ಚು. ಕೈಯಿಂದ ಹೋದ ಹಣವನ್ನು ಮರಳಿ ಪಡೆಯುವುದು ಸಂಭಾವನೆಯಲ್ಲ. ಈ ಎರಡನ್ನೂ ಒಂದೇ ಎಂದು ನೋಡುವುದರಿಂದಲೇ ನಿಮ್ಮಂಥವರಿಗೆ ಸಂಕೋಚ, ಇನ್ನು ಕೆಲವರಿಗೆ ಹಬ್ಬ. ನಾನು ಖಜಾಂಚಿಯಾಗುವ ಮೊದಲು ನಮ್ಮಲ್ಲಿ ಎಲ್ಲರಿಗೂ ಒಂದೇ ಮೊತ್ತದ ಲಕೋಟೆ ಹಂಚುತ್ತಿದ್ದರು. ಇಲ್ಲೇ ಧಾರವಾಡದ ಸಪ್ತಾಪುರದಿಂದ ನಡೆದು ಬಂದವರಿಗೂ ಅದೇ, ಬೀದರ್‌ನಿಂದ ಬಂದವರಿಗೂ ಅದೇ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಲೆಕ್ಕದಲ್ಲಿ ಮಾತ್ರ ಇಬ್ಬರದೂ 'ಪ್ರಯಾಣ ವೆಚ್ಚ'. ಅದನ್ನು ನಿಲ್ಲಿಸಿ ಟಿಕೆಟ್ ತೋರಿಸಿದಷ್ಟೇ ಕೊಡುವ ಪದ್ಧತಿ ತಂದೆವು. ಬೇಸರಿಸಿಕೊಂಡವರೆಲ್ಲ ಊರಿನಲ್ಲೇ ಇದ್ದವರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ವೋಚರಿನಲ್ಲಿ ಸಭೆಯ ದಿನಾಂಕ, ಹೊರಟ ಊರು, ವಾಹನ, ಮೊತ್ತ, ಟಿಕೆಟ್ ಇಷ್ಟಿದ್ದರೆ ಸಾಕಿತ್ತು. ಆಟೊದವರು ರಸೀದಿ ಕೊಡುವುದಿಲ್ಲ. ಸಣ್ಣ ಮೊತ್ತಕ್ಕೆ ಸ್ವಂತ ಸಹಿಯ ಹೇಳಿಕೆ ನಡೆಯುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ರಾಜಿ ಇರಲಿಲ್ಲ: ತನ್ನ ಬಿಲ್ಲನ್ನು ತಾನೇ ಮಂಜೂರು ಮಾಡಿಕೊಳ್ಳುವಂತಿಲ್ಲ. ನನ್ನ ಬಿಲ್ಲಿಗೆ ಅಧ್ಯಕ್ಷರ ಸಹಿ, ಅಧ್ಯಕ್ಷರ ಬಿಲ್ಲು ಸಮಿತಿಯ ಮುಂದೆ.

ಶಿವಮೊಗ್ಗದ ಉಪನ್ಯಾಸಕಿ

ನಾನು ಅತಿಥಿ ಉಪನ್ಯಾಸಕಿ. ಬೆಂಗಳೂರಿನ ಸಭೆಗೆ ಹೋಗಿ ಬಂದರೆ ತಿಂಗಳ ಲೆಕ್ಕವೇ ಏರುಪೇರಾಗುತ್ತಿತ್ತು. ಖರ್ಚು ಕೊಡದ ಸಂಘದಲ್ಲಿ ಕೊನೆಗೆ ಯಾರು ಉಳಿಯುತ್ತಾರೆ ನೋಡಿ: ನಿವೃತ್ತಿ ವೇತನ ಬರುವವರು, ಅದೇ ಊರಿನವರು, ಹೆಚ್ಚಾಗಿ ಗಂಡಸರು. 'ದೂರದವರು ಆಸಕ್ತಿ ತೋರಿಸುವುದಿಲ್ಲ' ಎಂದು ವರದಿಯಲ್ಲಿ ಬರೆಯುವವರೂ ಅವರೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನದು ಬೇರೆಯೇ ಫಜೀತಿ. ಸಾಮಾನ್ಯ ಬಸ್ಸಿನಲ್ಲಿ ಹೋದರೆ ಶೂನ್ಯ ಟಿಕೆಟ್, ಬಿಲ್ಲೂ ಶೂನ್ಯ. ರಾತ್ರಿ ಸ್ಲೀಪರ್ ಬಸ್ಸಿಗೆ ಆ ಯೋಜನೆ ಅನ್ವಯಿಸುವುದಿಲ್ಲ. 'ಉಚಿತ ಬಸ್ಸಿದೆಯಲ್ಲಮ್ಮಾ' ಎಂದು ಪದಾಧಿಕಾರಿಯೊಬ್ಬರು ನಕ್ಕರು. ರಾತ್ರಿಯಿಡೀ ಕುಳಿತುಕೊಂಡೇ ಬಂದು ಬೆಳಿಗ್ಗೆ ಸಭೆಯಲ್ಲಿ ತಲೆ ಓಡಿಸಲಾಗುವುದಿಲ್ಲ ಎಂದು ಅವರಿಗೆ ಬರೆದು ತಿಳಿಸಬೇಕಾಯಿತು. ಯಾವ ದರ್ಜೆಯ ಪ್ರಯಾಣಕ್ಕೆ ಕೊಡುತ್ತೀರಿ ಎಂಬುದನ್ನು ಮೊದಲೇ ನಿರ್ಣಯ ಮಾಡಿಸಿಕೊಳ್ಳಿ. ಪ್ರತಿ ಸಲ ವಾದ ಮಾಡುವುದು ತಪ್ಪುತ್ತದೆ.

ಮೈಸೂರಿನ ನಿವೃತ್ತ ಪ್ರಾಧ್ಯಾಪಕರು

ಸಂಘದಿಂದ ನಾನು ಒಂದು ರೂಪಾಯಿಯನ್ನೂ ಪಡೆದವನಲ್ಲ. ನಮ್ಮ ಗುರುಗಳೂ ಪಡೆಯಲಿಲ್ಲ. ಸದಸ್ಯತ್ವ ಶುಲ್ಕದಲ್ಲೇ ಪತ್ರಿಕೆಯ ಮುದ್ರಣವೂ ಆಗಬೇಕು. ಟಿಎ (ಪ್ರಯಾಣ ಭತ್ಯೆ) ಬಿಲ್ಲು ಬರೆಯುತ್ತ ಕುಳಿತರೆ ಸಂಚಿಕೆ ಹೊರಬರುವುದು ಹೇಗೆ?

ಮಾಜಿ ಖಜಾಂಚಿ

ಸರ್, ನಿಮ್ಮ ಕಾಳಜಿ ನ್ಯಾಯವಾದದ್ದೇ. ಆದರೆ ನೀವು ಬಿಲ್ಲು ಕೊಡದಿದ್ದರೆ ಸಂಘ ನಡೆಸಲು ನಿಜವಾಗಿ ಎಷ್ಟು ಬೇಕೆಂಬುದು ಪುಸ್ತಕದಲ್ಲಿ ಕಾಣುವುದೇ ಇಲ್ಲ. ಬಿಲ್ಲು ಕೊಟ್ಟು ಹಣ ಪಡೆದು, ಅದನ್ನೇ ಚೆಕ್ ಮೂಲಕ ದೇಣಿಗೆಯಾಗಿ ಕೊಟ್ಟು ರಸೀದಿ ಪಡೆಯಿರಿ. ಸಂಘಕ್ಕೆ ನಷ್ಟವಿಲ್ಲ, ನಿಮ್ಮ ನಂತರ ಬರುವ ಬಡ ಸಂಶೋಧಕನಿಗೆ ಮುಜುಗರವೂ ಇಲ್ಲ. ಮುದ್ರಣಕ್ಕೆ ಹಣ ಸಾಲದಿದ್ದರೆ ಸಭೆಗಳಲ್ಲಿ ಅರ್ಧವನ್ನು ಆನ್‌ಲೈನ್‌ನಲ್ಲಿ ಮಾಡೋಣ.

ಹುಬ್ಬಳ್ಳಿಯ ಲೆಕ್ಕಪರಿಶೋಧಕರು

ಕಾನೂನಿನ ಮಾತು ಚುಟುಕಾಗಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವಾರ್ಷಿಕ ಸಭೆ ಮುಗಿದ 14 ದಿನಗಳೊಳಗೆ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತದೆ. ಸಲ್ಲಿಸಿದ್ದಾರೆಯೇ ಎಂದು ಕೇಳಿ.

ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಇದ್ದರೆ ಎರಡು ಎಚ್ಚರ. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಅದು ಸಂಘದ ಉದ್ದೇಶಕ್ಕೆ ಮಾಡಿದ ವೆಚ್ಚವೆಂದು ಎಣಿಕೆಯಾಗುವುದಿಲ್ಲ. ಹಾಗಾಗಿ ಬ್ಯಾಂಕ್ ಮೂಲಕವೇ ಕೊಡಲಿ. ಎರಡನೆಯದು, ಸಂಘ ನಡೆಸುವವರಿಗೆ ಅನುಚಿತ ಲಾಭ ಹೋದರೆ ವಿನಾಯಿತಿಗೇ ಕುತ್ತು ಬರಬಹುದು. ಬಸ್ಸಿನ ಟಿಕೆಟಿನಿಂದ ಆ ಅಪಾಯ ಬರುವುದಿಲ್ಲ. ನಾನು ಪರಿಶೋಧಿಸಿದ ಸಂಘಗಳಲ್ಲಿ ಕೆಂಪು ಗೆರೆ ಎಳೆದದ್ದು ಬೇರೆ ಕಡೆ: ಸಮಿತಿ ಸದಸ್ಯರೇ ಸಂಪನ್ಮೂಲ ವ್ಯಕ್ತಿಗಳಾಗಿ ಸಂಭಾವನೆ ಪಡೆದ ವಿಚಾರ ಸಂಕಿರಣಗಳು, ಸದಸ್ಯರ ಸ್ವಂತ ಪುಸ್ತಕವನ್ನು ಸಂಘದ ಹಣದಲ್ಲಿ ಅಚ್ಚು ಹಾಕಿಸಿದ ಪ್ರಕರಣಗಳು. ನಿಮ್ಮ ಪುಸ್ತಕವೋ ನಿಮ್ಮ ವಿದ್ಯಾರ್ಥಿಯ ಬಹುಮಾನವೋ ಚರ್ಚೆಗೆ ಬಂದಾಗ ಹೊರಗೆ ಹೋಗಿ ಕುಳಿತುಕೊಳ್ಳಿ, ಹಾಗೆ ಹೋದದ್ದನ್ನು ನಡಾವಳಿಯಲ್ಲಿ ಬರೆಸಿ.

₹5,000 ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸುವುದನ್ನು ಮರೆಯಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರು

ಇಲ್ಲಿನ ವಿದ್ವತ್ ಸಂಘವೊಂದರ ಮಂಡಳಿಯಲ್ಲಿದ್ದೇನೆ. ಸೇರಿದ ದಿನವೇ ಹಿತಾಸಕ್ತಿ ಘೋಷಣೆಯ ಪತ್ರಕ್ಕೂ ವೆಚ್ಚ ಮರುಪಾವತಿಯ ನಿಯಮಕ್ಕೂ ಸಹಿ ಹಾಕಿಸಿಕೊಂಡರು. ವೆಚ್ಚವಾದ 60 ದಿನಗಳೊಳಗೆ ರಸೀದಿ, ಮುಂಗಡದಲ್ಲಿ ಉಳಿದದ್ದು 120 ದಿನಗಳೊಳಗೆ ವಾಪಸು. ಇಲ್ಲಿನ ತೆರಿಗೆ ಇಲಾಖೆ ಒಪ್ಪುವ ಗಡುವುಗಳೇ ಇವು. ಹೀಗೆ ಲೆಕ್ಕ ಕೊಟ್ಟು ಪಡೆದದ್ದು ಆದಾಯವಲ್ಲ. ಕೇಳಲು ಯಾರೂ ನಾಚುವುದಿಲ್ಲ. ಆದರೆ ಗಡುವು ದಾಟಿದರೆ ಎಷ್ಟು ದೊಡ್ಡ ವಿದ್ವಾಂಸರಾದರೂ ಕಾಸು ಹುಟ್ಟುವುದಿಲ್ಲ.

ಸರ್ಕಾರಿ ಕಾಲೇಜಿನ ಅಧ್ಯಾಪಕರು

ನಿಮ್ಮದು ಸರ್ಕಾರಿ ಕಾಲೇಜಾದರೆ ಚುನಾಯಿತ ಸ್ಥಾನಕ್ಕೆ ಇಲಾಖೆಯ ಅನುಮತಿ ಬೇಕೇ ಎಂದು ಪ್ರಾಂಶುಪಾಲರಲ್ಲಿ ವಿಚಾರಿಸಿ. ಓಓಡಿ (ಅನ್ಯ ಕರ್ತವ್ಯದ ಮೇಲೆ ಹೋಗಲು ಅನುಮತಿ) ಪಡೆದು ಕಾಲೇಜಿನಿಂದ ಪ್ರಯಾಣ ಭತ್ಯೆ ತೆಗೆದುಕೊಂಡಿದ್ದರೆ ಅದೇ ಟಿಕೆಟನ್ನು ಸಂಘಕ್ಕೆ ಕೊಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಬೈಲಾ ತರಿಸಿ ಓದಿದೆ. ಪ್ರಯಾಣದ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ಸಭೆಯಲ್ಲಿ ಇದನ್ನು ಎತ್ತಬೇಕೆಂದಿದ್ದೇನೆ. ಹೇಗೆ ಬರೆಯಲಿ?

ಮಾಜಿ ಖಜಾಂಚಿ

ನಿಮ್ಮ ಬಿಲ್ಲಿನ ವಿಷಯವೆಂದು ತರಬೇಡಿ, ಸಾಮಾನ್ಯ ನಿಯಮವಾಗಿ ತನ್ನಿ. ವಾರಕ್ಕೆ ಮೊದಲೇ ಕಾರ್ಯದರ್ಶಿಗೆ ಕಳುಹಿಸಿ ಕಾರ್ಯಸೂಚಿಗೆ ಸೇರಿಸಲು ಕೇಳಿ. ನಮ್ಮಲ್ಲಿ ಅಂಗೀಕಾರವಾದದ್ದು ಹೀಗಿತ್ತು: 'ಹೊರ ಊರಿನಿಂದ ಸಭೆಗೆ ಬರುವ ಸದಸ್ಯರಿಗೆ ಸಾರಿಗೆ ಸಂಸ್ಥೆಯ ಸ್ಲೀಪರ್ ಬಸ್ ಅಥವಾ ರೈಲಿನ ತೃತೀಯ ದರ್ಜೆ ಎಸಿ ದರವನ್ನು ಮೀರದಂತೆ, ಟಿಕೆಟ್ ಒದಗಿಸಿದಲ್ಲಿ ನಿಜವಾದ ವೆಚ್ಚವನ್ನು ಬ್ಯಾಂಕ್ ಖಾತೆಗೆ ಪಾವತಿಸುವುದು. ಸಭೆಯಾದ 30 ದಿನಗಳೊಳಗೆ ಸಲ್ಲಿಸದ ಬಿಲ್ಲುಗಳನ್ನು ಪರಿಗಣಿಸತಕ್ಕದ್ದಲ್ಲ. ವರ್ಷದ ಒಟ್ಟು ಪ್ರಯಾಣ ವೆಚ್ಚವನ್ನು ಸರ್ವಸದಸ್ಯರ ಸಭೆಯ ಮುಂದಿಡುವುದು.' ಕೊನೆಯ ವಾಕ್ಯವನ್ನು ತೆಗೆಯಲು ಯಾರಾದರೂ ಹೇಳಬಹುದು, ಬಿಡಬೇಡಿ.