ಬಿಳಿ ಅಂದ್ರೆ ಯಾವ ಬಿಳಿ?

"ಲೈಟ್ ಹಾಕ್ಬೇಡ್ರೋ!"

ವಿಶ್ವ ಒಳಗಿಂದ ಕಿರುಚಿದ್ದಕ್ಕೆ ಸುಬ್ಬು ಸ್ವಿಚ್ ಮೇಲಿಟ್ಟ ಕೈಯನ್ನ ತೆಗೆದು ಜೇಬಲ್ಲಿಟ್ಕೊಂಡ. "ಯಾಕೋ, ಕರೆಂಟ್ ಹೊಡೀತಾ?"

"ಮಾನಿಟರ್ ಕ್ಯಾಲಿಬ್ರೇಷನ್ ನಡೀತಿದೆ. ಹೊರಗಿನ ಬೆಳಕು ಬೀಳ್ಬಾರ್ದು."

ಕಿಟ್ಟಿ ಕತ್ತಲಲ್ಲಿ ಕುರ್ಚಿ ತಡಕಾಡಿ ಕೂತ. "ಸರಿ, ಮೌಸ್ ಯಾಕಯ್ಯಾ ಸ್ಕ್ರೀನ್ ಮೇಲೆ ನೇತಾಡ್ತಿದೆ?"

"ಮೌಸಲ್ಲ, ಕಲರಿಮೀಟರ್. ಸಾಫ್ಟ್‌ವೇರ್ ಸ್ಕ್ರೀನಿಗೆ ಒಂದೊಂದೇ ಬಣ್ಣ ಕಳಿಸುತ್ತೆ, ಕೆಂಪು, ಹಸಿರು, ನೀಲಿ, ನಾನಾ ಥರದ ಬೂದು, ನಿಜಕ್ಕೂ ಏನು ಬಂತು ಅಂತ ಇದು ಅಳೆಯುತ್ತೆ, ಕಳಿಸಿದ್ದಕ್ಕೂ ಬಂದಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿ ಪ್ರೊಫೈಲ್ ಫೈಲ್ ಮಾಡುತ್ತೆ, ಫೋಟೋಶಾಪ್ ಅದನ್ನ ನೋಡ್ಕೊಂಡು ಬಣ್ಣ ತಿದ್ದಿ ತೋರಿಸುತ್ತೆ. ನಾನಿಟ್ಟಿರೋ ಗುರಿ, ಬಿಳಿ ಹಗಲು ಬೆಳಕಿನ ಥರ 6500 ಕೆಲ್ವಿನ್, ಕಪ್ಪಿಂದ ಬಿಳಿವರೆಗೆ ಬೂದು ಏರೋ ಲೆಕ್ಕ, ಅಂದ್ರೆ ಗಾಮಾ, 2.2, ಬ್ರೈಟ್‌ನೆಸ್ 120 ಕ್ಯಾಂಡೆಲಾ."

"120 ಯಾಕೆ? 116 ಆದ್ರೆ ಮೈಲಿಗೆನಾ?"

"ಅಂಗಡಿಯಿಂದ ಬರುವಾಗ ಮಾನಿಟರ್ ಅದರ ಎರಡರಷ್ಟು ಉರೀತಾ ಇರುತ್ತೆ ಕಣೋ, ಶೋರೂಮಲ್ಲಿ ಜಗಮಗ ಅನ್ನಲಿ ಅಂತ. ಅದರಲ್ಲಿ ನೋಡ್ಕೊಂಡು ಫೋಟೋ ಎಡಿಟ್ ಮಾಡಿ ಪ್ರಿಂಟ್ ಹಾಕ್ಸಿದ್ರೆ ಕಪ್ಪಗೆ ಬರುತ್ತೆ. ಜನ ಲ್ಯಾಬಿನೋರಿಗೆ ಬೈತಾರೆ."

"ಅದೇನೋ ನ್ಯಾಯವಾದ ಮಾತು" ಅಂದ ಕಿಟ್ಟಿ. ಕಿಟ್ಟಿ ಒಪ್ಕೊಂಡ ಅಂದ್ರೆ ಮುಂದೆ ಏನೋ ಕಾದಿದೆ ಅಂತ ಅರ್ಥ.

ಪದ್ಮ ಕಾಫಿ ತಂದ್ಲು, ಮೊಬೈಲ್ ಟಾರ್ಚ್ ಹಾಕ್ಕೊಂಡು. "ನೋಡಿ ಕಿಟ್ಟಿಯವ್ರೇ, ಗೋಡೆ ಚೆನ್ನಾಗಿ ಹಳದಿ ಇತ್ತು, ಅದರಿಂದ ಕಣ್ಣಿಗೆ ಮೋಸ ಆಗುತ್ತಂತೆ, ಬೂದು ಬಳ್ಸಿದಾರೆ, ಅದೂ ಗೌರಿ ಹಬ್ಬದ ಮುಂದೆ. ಕೆಂಪು ಸೀರೆ ಉಟ್ಕೊಂಡು ಬಾಗಿಲಲ್ಲಿ ನಿಂತ್ರೆ ಸ್ಕ್ರೀನ್ ಕೆಂಪಾಗುತ್ತೆ ಆ ಕಡೆ ಹೋಗು ಅಂತಾರೆ."

"ಅತ್ತಿಗೆ, ನೀವೂ ಒಂದು ಕೋಟ್ ಬೂದು ಬಳ್ಕೊಂಡ್ಬಿಡಿ, ಸಂಸಾರ ನ್ಯೂಟ್ರಲ್ ಆಗಿರುತ್ತೆ."

ಸುಬ್ಬುಗೆ ಸೀರೆ ಅಂದ ತಕ್ಷಣ ಹಳೇ ಗಾಯ ನೆನಪಾಯ್ತು. ಅವನ ಹೆಂಡ್ತಿ ಆನ್‌ಲೈನಲ್ಲಿ ಗಿಳಿಹಸಿರು ಸೀರೆ ತರಿಸಿದ್ಲಂತೆ, ಬಂದಿದ್ದು ಪಾಚಿಹಸಿರು, ಕೇಳಿದ್ರೆ ಮಾರಿದೋರು ನಿಮ್ಮ ಸ್ಕ್ರೀನೇ ಸರಿ ಇಲ್ಲ ಅಂದ್ರಂತೆ. "ಈಗ ಅವ್ಳು ಸೀರೆ ಇಟ್ಕೊಂಡು, ಅದಕ್ಕೆ ಮ್ಯಾಚ್ ಆಗೋ ಫೋನ್ ಕೊಡ್ಸಿ ಅಂತಿದಾಳೆ."

"ಅದಕ್ಕೇ ಹೇಳೋದು, ಸ್ಟ್ಯಾಂಡರ್ಡ್ ಬೇಕು ಅಂತ" ಅಂತ ವಿಶ್ವ ಎದ್ದು ನಿಂತ. "1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರ್ಕೊಂಡು ಎಸ್‌ಆರ್‌ಜಿಬಿ ಅಂತ ಮಾಡಿದ್ರು, ಸಾಧಾರಣ ಮಾನಿಟರ್ ತೋರಿಸೋ ಬಣ್ಣಗಳಿಗೆ ಒಂದು ಗಡಿ. ಹಸಿರು, ಹಸಿರು-ನೀಲಿ ಕಡೆ ಜಾಗ ಸಾಲ್ದು ಅಂತ 1998ರಲ್ಲಿ ಫೋಟೋಶಾಪಿನ ಅಡೋಬಿಯವ್ರು ಇನ್ನೂ ದೊಡ್ಡ ಗಡಿ ಮಾಡಿದ್ರು. ನನ್ನ ಮಾನಿಟರ್ ದೊಡ್ಡದನ್ನೇ ತೋರಿಸುತ್ತೆ."

"ಬಹಳ ಸಂತೋಷ. ಎಡಿಟ್ ಮಾಡಿದ ಫೋಟೋ ಎಲ್ಲಿಗೆ ಹೋಗುತ್ತೆ?"

ವಿಶ್ವ ಸ್ವಲ್ಪ ತಡೆದ. "ಫ್ಯಾಮಿಲಿ ಗ್ರೂಪಿಗೆ."

"ವಾಟ್ಸಾಪು!" ಕಿಟ್ಟಿ ಕಾಫಿ ಲೋಟ ಕೆಳಗಿಟ್ಟ, ಇಂಥ ಮಾತಿಗೆ ಎರಡೂ ಕೈ ಬೇಕು ಅವನಿಗೆ. "ಅದು ಮೊದಲು ಫೋಟೋನ ಹಿಂಡಿ ಹಿಪ್ಪೆ ಮಾಡುತ್ತೆ. ಆಮೇಲೆ ನಿಮ್ಮ ಮಾವ ಅದನ್ನ ಗೀರು ಬಿದ್ದ ಫೋನಲ್ಲಿ, ಬ್ಯಾಟರಿ ಉಳೀಲಿ ಅಂತ ಬ್ರೈಟ್‌ನೆಸ್ ಇಳಿಸಿ, ಮೊಮ್ಮಗ ಕಣ್ಣಿಗೆ ತಂಪು ಅಂತ ಹಾಕ್ಕೊಟ್ಟ ಹಳದಿ ಮೋಡಲ್ಲಿ, ಬಿಸಿಲಲ್ಲಿ ನಿಂತ್ಕೊಂಡು, ಒಂದಕ್ಕೆ ಮಾತ್ರ ಪೊರೆ ಆಪರೇಷನ್ ಆಗಿರೋ ಎರಡು ಕಣ್ಣಲ್ಲಿ ನೋಡ್ತಾರೆ. ಒಂದು ಕಣ್ಣಿಗೆ ನಿನ್ನ ಬಿಳಿ ಹಳದಿ, ಇನ್ನೊಂದಕ್ಕೆ ನೀಲಿ. ಚಿನ್ನದ ತಕ್ಕಡೀಲಿ ತೂಗಿ ಕುಂಬಳಕಾಯಿ ಮಾರ್ತಿದೀಯಲ್ಲೋ!"

"ಮಾವಂಗೆ ನಿಜವಾಗ್ಲೂ ಹಾಗೇ ಕಾಣುತ್ತೆ" ಅಂದ್ಲು ಪದ್ಮ.

"ಅವ್ರೊಬ್ರಿಗೇ ಅಲ್ಲ ಅತ್ತಿಗೆ. ಫ್ರಾನ್ಸಲ್ಲಿ ಕ್ಲೋಡ್ ಮೊನೆ ಅಂತ ದೊಡ್ಡ ಪೇಂಟರ್, 1923ರಲ್ಲಿ ಒಂದು ಕಣ್ಣಿನ ಪೊರೆ ತೆಗೆಸ್ಕೊಂಡ ಮೇಲೆ ಎಲ್ಲಾ ನೀಲಿ ಕಾಣುತ್ತೆ ಅಂತ ಗೋಳಾಡಿದ. ಅದು ಬಿಡಿ, 2015ರಲ್ಲಿ ಇಂಟರ್ನೆಟ್ಟಲ್ಲಿ ಒಂದು ಡ್ರೆಸ್ ಫೋಟೋ ಓಡಾಡ್ತಲ್ಲ, ಒಂದೇ ಸ್ಕ್ರೀನ್ ಮುಂದೆ ಕೂತ ಗಂಡಂಗೆ ನೀಲಿ-ಕಪ್ಪು, ಹೆಂಡ್ತಿಗೆ ಬಿಳಿ-ಬಂಗಾರ. ಅಲ್ಲಿ ಈ ಮೌಸನ್ನ ಯಾರ ಹಣೆ ಮೇಲೆ ನೇತು ಹಾಕೋದು?"

"ಕೊನೆಗೆ ಡ್ರೆಸ್ ಯಾವ ಬಣ್ಣ?" ಸುಬ್ಬು ಕೇಳಿದ.

"ನೀಲಿ-ಕಪ್ಪು."

"ಗಂಡನೂ ಗೆಲ್ತಾನೆ ಅಂತಾಯ್ತು."

ಅಷ್ಟರಲ್ಲಿ ಕಲರಿಮೀಟರ್ ಕೆಲಸ ಮುಗೀತು. ಡೆಲ್ಟಾ ಇ 1.1 ಅಂತ ಬಂದಿದ್ದಕ್ಕೆ ವಿಶ್ವ ಮಗ ರ‍್ಯಾಂಕ್ ಬಂದಷ್ಟು ಬೀಗಿದ. ಇರಬೇಕಾದ ಬಣ್ಣಕ್ಕೂ ಕಾಣ್ತಿರೋ ಬಣ್ಣಕ್ಕೂ ಎಷ್ಟು ದೂರ ಅನ್ನೋ ಲೆಕ್ಕವಂತೆ ಅದು, 2ರ ಒಳಗಿದ್ರೆ ಕಣ್ಣಿಗೆ ಅಷ್ಟಾಗಿ ಗೊತ್ತೇ ಆಗಲ್ಲವಂತೆ. ಸಾಧನ ಬಿಚ್ಚಿ ಫೋಟೋ ತೆಗೆದ. ಹಕ್ಕಿಯೋ ಸೂರ್ಯಾಸ್ತವೋ ಇರುತ್ತೆ ಅಂದ್ಕೊಂಡು ಕಿಟ್ಟಿ ಬಾಯಿ ತೆರೆದವನು ಹಾಗೇ ಮುಚ್ಕೊಂಡ.

ವಿಶ್ವನ ಅಮ್ಮನ ಫೋಟೋ. ಮದುವೆ ಹೊಸದರಲ್ಲಿ ಸ್ಟುಡಿಯೋಲಿ ತೆಗೆಸಿದ ಕಪ್ಪು-ಬಿಳುಪು, ಸ್ಟುಡಿಯೋದವರೇ ಮೇಲೆ ಬ್ರಶ್ಶಿನಲ್ಲಿ ಬಣ್ಣ ಹಚ್ಚಿದ್ದು. ಕೆನ್ನೆ ಗುಲಾಬಿ, ಸೀರೆ ಹಸಿರು. ಹಸಿರು ಮಾಸಿತ್ತು.

"ಸೀರೆ ಸರಿ ಮಾಡೋಣ ಅಂತ ಕಣೋ" ಅಂದ ವಿಶ್ವ.

"ಹಸಿರೇ ತಾನೆ?"

"ಅಲ್ಲ. ಬಣ್ಣ ಹಾಕೋನ ಹತ್ರ ಅವತ್ತು ಹಸಿರಿತ್ತು ಅಷ್ಟೇ. ಅಪ್ಪ ಕುಂಕುಮದ ಬಣ್ಣ ಅಂತಿದ್ರು. ದೊಡ್ಡಮ್ಮ ಬದನೆಕಾಯಿ ಬಣ್ಣ ಅಂತಾರೆ. ಅಮ್ಮನ್ನ ಕೇಳ್ಬೇಕು ಅಂತ ಹೊಳೀಲೇ ಇಲ್ಲ."

ಕಿಟ್ಟಿ ಸ್ವಲ್ಪ ಹೊತ್ತು ಫೋಟೋನೇ ನೋಡ್ತಿದ್ದ. "ಇರಬೇಕಾದ ಬಣ್ಣದಿಂದ ಎಷ್ಟು ದೂರ ಅಂತ ಅಳೀಬಹುದು ಅಂದ್ಯಲ್ಲ. ಇರಬೇಕಾದ ಬಣ್ಣಾನೇ ಯಾವ ಫೈಲಲ್ಲೂ ಇಲ್ಲವಲ್ಲೋ."

ವಿಶ್ವ ಮಾತಾಡ್ಲಿಲ್ಲ. ಸ್ಲೈಡರ್ ಕುಂಕುಮದ ಕಡೆ ಎಳೆದ, ಬದನೆಕಾಯಿ ಕಡೆ ಎಳೆದ, ಯಾವ ಕಡೆ ಎಳೆದ್ರೂ ಅಮ್ಮ ಚೆನ್ನಾಗೇ ಕಾಣ್ತಿದ್ರು.

"ಎರಡನ್ನೂ ಕಳ್ಸು, ದೊಡ್ಡಮ್ಮ ಆರಿಸ್ಲಿ" ಅಂದ್ಲು ಪದ್ಮ. ಕಳಿಸಿದ. ಗ್ರೂಪಲ್ಲಿ ಮಾವ ಕೈ ಮುಗಿದ್ರು, ಇನ್ಯಾರೋ ಗುಡ್ ಮಾರ್ನಿಂಗ್ ಅಂದ್ರು, ಸಾಯಂಕಾಲ ಐದು ಗಂಟೆಗೆ. ಕಾಫಿ ಮುಗಿಯೋ ಹೊತ್ತಿಗೆ ದೊಡ್ಡಮ್ಮಂದು ವಾಯ್ಸ್ ಮೆಸೇಜ್ ಬಂತು. ಎಲ್ಲರೂ ಕಿವಿಗೊಟ್ರು.

"ವಿಶ್ವಾ, ಸೀರೆ ಏನಾರ ಇರ್ಲಿ ಬಿಡಪ್ಪ. ಆ ಮೂಗುಬೊಟ್ಟು ನಂದು. ಫೋಟೋಗೆ ಅಂತ ಇಸ್ಕೊಂಡ್ಲು ನಿಮ್ಮಮ್ಮ, ವಾಪಸ್ ಕೊಡ್ಲೇ ಇಲ್ಲ."

"ಅದರ ಬಣ್ಣ ಸರಿ ಬಂದಿದ್ಯಾ ಕೇಳೋ" ಅಂದ ಸುಬ್ಬು.