ಕರೆಂಟ್ ಹೋಗಿ ಬಂದ ಮೇಲೆ ಎನ್‌ಟಿಪಿ ಮಾತೇ ಆಡುತ್ತಿಲ್ಲ

ಪ್ರಶ್ನೆ: ಹಂಪನಕಟ್ಟೆಯಲ್ಲಿ ನಮ್ಮದೊಂದು ಬಿಲ್ಲಿಂಗ್ ಸರ್ವರ್ ಉಂಟು, ಹಳೇ ಲಿನಕ್ಸ್. ಭಾನುವಾರ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಯ್ತು, ಯುಪಿಎಸ್ ಕೂಡ ಕೈಕೊಟ್ಟಿತು. ಬೆಳಿಗ್ಗೆ ಆನ್ ಮಾಡಿದರೆ ತಾರೀಕು 2012ರ ಜನವರಿ 1. ಮೇಲ್ ತೆರೆದರೆ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ. ನೆಟ್ ಮೂಲಕ ಗಡಿಯಾರ ಸರಿ ಇಡುವ ಎನ್‌ಟಿಪಿಯ ಪ್ರೋಗ್ರಾಂ ಎನ್‌ಟಿಪಿಡಿ ರೀಸ್ಟಾರ್ಟ್ ಮಾಡಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ, ಅದರ ಸ್ಥಿತಿ ಕೇಳುವ ಎನ್‌ಟಿಪಿಕ್ಯೂ ಕಮಾಂಡ್ ಕೊಟ್ಟರೆ ಉತ್ತರ ಇಲ್ಲ. ಎಂತ ಮಾಡುವುದು ಸರ್?

ಉತ್ತರ: ಉತ್ತರ ಇಲ್ಲ ಅಂದರೆ ಎಂತ ಬಂತು ಮಾರಾಯ್ರೆ, ಅದನ್ನು ಹೇಳಿ! 'ಟೈಮ್ಡ್ ಔಟ್' ಅಂತ ಬಂದರೆ ಸಾಮಾನ್ಯವಾಗಿ ಮನೆಯಲ್ಲಿ ಜನ ಇದ್ದಾರೆ, ಬಾಗಿಲು ತೆಗೆಯುತ್ತಿಲ್ಲ ಅಷ್ಟೆ. ಕಾನ್ಫಿಗ್ ಫೈಲಿನ ರಿಸ್ಟ್ರಿಕ್ಟ್ ಸಾಲಿನಲ್ಲಿ 'ನೋಕ್ವೆರಿ' (ಸ್ಥಿತಿ ಕೇಳಿದರೆ ಹೇಳಬೇಡ) ಇದ್ದು 127.0.0.1ಕ್ಕೆ, ಅಂದರೆ ಅದೇ ಕಂಪ್ಯೂಟರಿಗೆ, ಬೇರೆ ಅನುಮತಿ ಕೊಡದಿದ್ದರೆ ಹಾಗೆ ಆಗುತ್ತದೆ. 'ಕನೆಕ್ಷನ್ ರಿಫ್ಯೂಸ್ಡ್' ಅಂತ ಬಂದರೆ ಮನೆಯೇ ಖಾಲಿ.

ಪ್ರಶ್ನೆ: ರಿಫ್ಯೂಸ್ಡ್ ಸರ್. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಪಿಎಸ್‌ನಲ್ಲೂ ಎನ್‌ಟಿಪಿಡಿ ಹೆಸರಿಲ್ಲ. ಲಾಗಿನಲ್ಲಿ ಸ್ಯಾನಿಟಿ ಲಿಮಿಟ್ 1000 ಅಂತ ಏನೋ ಉಂಟು.

ಉತ್ತರ: ಸಿಕ್ಕಿತಲ್ಲ. ಎನ್‌ಟಿಪಿಡಿ ಸುಮ್ನೆ ಸತ್ತದ್ದಲ್ಲ, ಬೇಕೆಂದೇ ಹೊರಗೆ ಹೋದದ್ದು. ಕಂಪ್ಯೂಟರಿನ ಗಡಿಯಾರಕ್ಕೂ ಸರಿಯಾದ ಸಮಯಕ್ಕೂ ವ್ಯತ್ಯಾಸ 1000 ಸೆಕೆಂಡ್ ದಾಟಿದರೆ, ಅಂದರೆ 17 ನಿಮಿಷದ ಹತ್ತಿರ, 'ಇಷ್ಟು ದೊಡ್ಡ ತಪ್ಪು ನಾನು ಸರಿ ಮಾಡುವುದಿಲ್ಲ, ನೀವೇ ನೋಡಿಕೊಳ್ಳಿ' ಅಂತ ಲಾಗಿನಲ್ಲಿ ಬರೆದು ಎದ್ದು ಹೋಗುತ್ತದೆ. ನಿಮ್ಮದು ವರ್ಷಗಟ್ಟಲೆ ಹಿಂದೆ! ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಶುರು ಮಾಡುವಾಗ '-ಜಿ' ಆಪ್ಶನ್ ಹಾಕಿ, ಆಗ ಒಂದು ಸಲ ಎಷ್ಟು ದೊಡ್ಡ ಜಿಗಿತವಾದರೂ ಒಪ್ಪುತ್ತದೆ. ಹೆಚ್ಚಿನ ಕಡೆ ಅದು ಮೊದಲೇ ಇರುತ್ತದೆ, ನಿಮ್ಮಲ್ಲಿ ಯಾರೋ ತೆಗೆದಿರಬೇಕು. ಅದಕ್ಕಿಂತ ಮೊದಲು ಬಿಲ್ಲಿಂಗ್ ನಿಲ್ಲಿಸಿ. ಬೆಳಿಗ್ಗೆಯಿಂದ ಹಾಕಿದ ಬಿಲ್ಲುಗಳಿಗೆಲ್ಲ 2012 ಬಿದ್ದಿರುತ್ತದೆ, ಅದು ಬೇರೆ ತಲೆನೋವು.

ಆಮೇಲೆ ಎನ್‌ಟಿಪಿಕ್ಯೂನಲ್ಲಿ 'ರೀಚ್' ಕಾಲಂ ನೋಡುತ್ತಾ ಇರಿ. 1, 3, 7, 17 ಅಂತ ಏರಿ 377ಕ್ಕೆ ನಿಲ್ಲಬೇಕು. ಅದು ಆಕ್ಟಲ್ (8ರ ಮೂಲದ) ಲೆಕ್ಕ, 377 ಅಂದರೆ ಕೊನೆಯ 8 ಸಲವೂ ಟೈಮ್ ಸರ್ವರ್ ಉತ್ತರ ಕೊಟ್ಟಿದೆ ಅಂತ ಅರ್ಥ. 0 ಬಿಟ್ಟು ಕದಲದಿದ್ದರೆ ಎನ್‌ಟಿಪಿ ಓಡಾಡುವ ಯುಡಿಪಿ 123 ಪೋರ್ಟ್ ಎಲ್ಲೋ ಕಟ್ ಆಗಿದೆಯಾ ನೋಡಿ. ಒಂದು ಸಾಲಿನ ಮುಂದೆ ನಕ್ಷತ್ರ (*) ಬಂದರೆ ಕೆಲಸ ಆಯ್ತು.

ಇನ್ನೊಬ್ಬರು: ನಮ್ಮ ಮಣಿಪಾಲದ ಆಫೀಸಲ್ಲಿ ಎನ್‌ಟಿಪಿಡಿ ಬದಲು ಅದೇ ಕೆಲಸದ ಕ್ರೋನಿ ಹಾಕಿದ್ದೇವೆ. '506, ಕ್ಯಾನಾಟ್ ಟಾಕ್ ಟು ಡೀಮನ್' ಅಂತ ಬರ್ತದೆ. ಇದೂ ಅದೇನಾ?

ಉತ್ತರ: ಅಲ್ಲ. ಕ್ರೋನಿಗೆ ಆ 1000ದ ಹಟ ಇಲ್ಲ. 506 ಬಂದರೆ ಜಾಸ್ತಿ ಸಲ ಅದರ ಡೀಮನ್, ಅಂದರೆ ಹಿನ್ನೆಲೆಯ ಪ್ರೋಗ್ರಾಂ ಕ್ರೋನಿಡಿ, ಓಡುತ್ತಲೇ ಇರುವುದಿಲ್ಲ, ಸ್ಟೇಟಸ್ ನೋಡಿ. ಓಡುತ್ತಿದ್ದರೆ ರೂಟ್ (ಅಡ್ಮಿನ್) ಆಗಿ ಕೇಳಿ ನೋಡಿ.

ಪ್ರಶ್ನೆ: ಸರಿ ಆಯ್ತು ಸರ್, ನಕ್ಷತ್ರ ಬಂತು! ಆದರೆ ನಾಳೆ ಕರೆಂಟ್ ಹೋದರೆ?

ಉತ್ತರ: ಮತ್ತೆ 2012ಕ್ಕೇ ಹೋಗುತ್ತೀರಿ, ಕರೆಂಟ್ ಇಲ್ಲದಾಗ ತಾರೀಕು ಹಿಡಿದಿಡುವ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ಸಿಆರ್2032, ನಾಣ್ಯದ ಹಾಗಿರುತ್ತದೆ. ಒಂದು ಪ್ಲೇಟ್ ಬನ್ಸ್, ಚಾ ಕುಡಿಯುವ ದುಡ್ಡಿಗೆ ಸಿಗುತ್ತದೆ. ಇವತ್ತೇ ತನ್ನಿ.